ಗವಾಕ್ಷಿ

ತಿಂಗಳ ಮೊದಲ ಗುರುವಾರ ಸಂಜೆ
ಬಾರ್ನ್ಸ್ಲಿಯ ಮೆಥಡಿಸ್ಟ್ ಚರ್ಚಿನ ಹಿಂದಿನ ಕೋಣೆಯಲ್ಲಿ
ಕೆಟ್ಟದ್ದನ್ನೆಲ್ಲ ಬಿಟ್ಟಿ ರಿಪೇರಿ ಮಾಡುತ್ತೇವೆ:
ಟೋಸ್ಟರು ಗೋರ್ಡನ್, ಹೊಲಿಗೆ ಮಿಷನ್ನು ಮ್ಯಾವಿಸ್,
ಲ್ಯಾಪ್‌ಟಾಪು ನಾನು.

ಮೂರನೆಯ ಟೋಕನ್ನಿನ ಮುದುಕರು
ಹೆಬ್ಬಲ್‌ತ್ವೇಟ್ ಎಂದು ಹೆಸರು ಬರೆಸಿದರು.
ನನ್ನ ಪೆನ್ನು ಹೆಬ್ಬಾಳದವರೆಗೆ ಹೋಗಿ ತಡವರಿಸಿತು.
ಟವೆಲಿನಲ್ಲಿ ಸುತ್ತಿ ತಂದಿದ್ದರು
ಏಟು ಬಿದ್ದ ಹಕ್ಕಿಯನ್ನು ತರುವ ಹಾಗೆ.
'ಏಳುತ್ತೆ, ಬೀಳುತ್ತೆ, ಏಳುತ್ತೆ.
ಸೋಮವಾರದಿಂದ ಇದೇ ಕೆಲಸ.'

ಗುಂಡಿ ಒತ್ತಿದೆ.
ನೀಲಿ ಕಿಟಕಿ ಮೂಡಿತು, ಕೆಳಗೆ ಬಿಳಿ ಚುಕ್ಕಿಗಳ
ಪುಟ್ಟ ಗಾಣ ತಿರುಗಿತು, ತಿರುಗಿತು,
ಕತ್ತಲೆ.
ಮತ್ತೆ ಕಿಟಕಿ. ಮತ್ತೆ ಗಾಣ.
ಎಣ್ಣೆಯ ಹನಿ ಮಾತ್ರ ಇಲ್ಲ.
ನಡುವೆ ಒಮ್ಮೆ ಪರದೆಯ ತುಂಬ ನೀಲಿ,
ಅದರ ಮೇಲೊಂದು ಸಪ್ಪೆ ಮುಖ ಬಂದು
ಏನೋ ತೊಂದರೆಯಾಯಿತು ಎಂದು ಗೊಣಗಿ ಹೋಯಿತು;
ಈ ದೇಶದಲ್ಲಿ ಯಂತ್ರಕ್ಕೂ ಸಂಕೋಚ.

'ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ'
ಬಾಯಿತಪ್ಪಿ ಗಟ್ಟಿಯಾಗಿಯೇ ಅಂದುಬಿಟ್ಟೆ.
ಏನಂದೆ, ಲವ್?
(ಇಲ್ಲಿ ಬಸ್ ಡ್ರೈವರನೂ ಹಾಗೆಯೇ ಕರೆಯುವುದು.)
ಬಿಡಿಸಿ ಹೇಳಿದೆ. ಪಿಶಾಚಿಗೆ ನಕ್ಕರು,
ಗವಾಕ್ಷಿಗೆ ಗಂಭೀರರಾದರು.
'ಮಾಡಿನ ಸಣ್ಣ ಕಿಂಡಿ ತಾನೇ?
ನನ್ನ ಗೂಡಿಗೂ ಇದೆ. ಅದರಲ್ಲೇ ಬರುವುದು ಅವು.'

ಅವು ಅಂದರೆ ಪಾರಿವಾಳ. ಪಂದ್ಯದ್ದು.
ಲಾರಿಯಲ್ಲಿ ಫ್ರಾನ್ಸಿಗೆ ಒಯ್ದು ಬಿಟ್ಟರೆ
ಕಡಲು ದಾಟಿ ಇವರ ಹಿತ್ತಲಿಗೇ ಇಳಿಯುತ್ತವೆ.
ಇಪ್ಪತ್ತಮೂರು ವರ್ಷ ಬಂದಿಳಿದ ಹೊತ್ತುಗಳು,
ಗಂಟೆ ನಿಮಿಷ ಸೆಕೆಂಡು, ಈ ಡಬ್ಬಿಯೊಳಗೆ.
'ಬೇರೆಲ್ಲೂ ಬರೆದಿಟ್ಟಿಲ್ಲವೇ?'
'ಇಟ್ಟಿದ್ದೆ. ಆ ಪುಸ್ತಕ ಹರಿದು
ಮೊಟ್ಟೆಗೆ ಹಾಸಿಕೊಂಡವು.'

ಸೇಫ್ ಮೋಡಿಗೆ ಕರೆದೆ; ಹೊಸ್ತಿಲವರೆಗೆ ಬಂದು ತಿರುಗಿತು.
ಪೆನ್‌ಡ್ರೈವಿನಿಂದ ಎಬ್ಬಿಸಿದೆ; ಅದಕ್ಕೂ ಅದೇ ನಲವತ್ತು ಸೆಕೆಂಡು.
ಹಾಗಾದರೆ ರೋಗ ಬುದ್ಧಿಯದಲ್ಲ, ಮೈಯದು.
ಹನ್ನೊಂದು ತಿರುಪು ಬಿಚ್ಚಿ
ಅವರ ಚಹಾದ ಬಸಿಯಲ್ಲಿ ಹಾಕಿ
ಬೆನ್ನು ತೆರೆದರೆ, ಫ್ಯಾನಿನ ಸುತ್ತ ಬೂದು ಹಾಸಿಗೆ.
ಪುಕ್ಕದ ಪುಡಿ, ಜಮೆಯಾಗಿ ಕಂಬಳಿಯಾದದ್ದು.
ಚಿಮುಟದಲ್ಲಿ ಎಳೆದೆ. ಎಳೆದಷ್ಟೂ ಬಂತು.
'ಡಚೆಸ್‌ದು,' ಬಣ್ಣ ನೋಡಿ ಹೇಳಿದರು,
'ನಾನು ಟೈಪು ಮಾಡುವಾಗ ಹೆಗಲ ಮೇಲೆ ಕೂರುತ್ತಾಳೆ.'
ಗೆದ್ದೆ ಎಂದುಕೊಂಡೆ.

ಕಿಟಕಿ. ಗಾಣ. ಕತ್ತಲೆ.

ಗೋರ್ಡನ್ ಟೋಸ್ಟರಿನಿಂದ ತಲೆ ಎತ್ತಿ ನೋಡಿದ.
ಇಂಥ ಹೊತ್ತಿನಲ್ಲಿ ಯಾರೂ ನೋಡಬಾರದು.

ಮೆಮೊರಿ ಪಟ್ಟಿ ಎರಡಿದ್ದವು.
ಒಂದನ್ನು ಕಿತ್ತೆ: ಕತ್ತಲೆ.
ಅದನ್ನು ಸಿಕ್ಕಿಸಿ ಇನ್ನೊಂದನ್ನು ಕಿತ್ತೆ.
ಕೋಣೆಯ ಗಡಿಯಾರದಲ್ಲಿ ಇಬ್ಬರೂ ಎಣಿಸಿದೆವು,
ಇವರಿಗೆ ಅದು ಹಳೆಯ ಅಭ್ಯಾಸ, ತುಟಿ ಅಲುಗದೆ.
ನಲವತ್ತು ದಾಟಿತು. ಐವತ್ತು.
ತೊಂಬತ್ತರ ಹತ್ತಿರ ಪರದೆಯ ಮೇಲೆ
ಒಂದು ಹಕ್ಕಿ ಬಂದು ಕೂತು
ಕಿತ್ತಳೆ ಕಣ್ಣಲ್ಲಿ ನನ್ನನ್ನೇ ನೋಡಿತು.

'ಮೆಮೊರಿ ಅರ್ಧ ಹೋಗಿದೆ. ಇನ್ನು ನಿಧಾನ.'
'ಆಗಲಿ. ಅವಸರ ಹಾರುವವರದ್ದು.
ಬರೆಯುವವನಿಗೇನು.'

ಎಲ್ಲವನ್ನೂ ಎರಡೆರಡು ಕಡೆ ನಕಲು ಮಾಡಿಕೊಟ್ಟೆ.
ಕಡತದ ಕೊನೆಯ ಪಂದ್ಯ, ಹೋದ ಶನಿವಾರದ್ದು:
ಹದಿನಾಲ್ಕು ಹೆಸರು, ಹದಿಮೂರು ಹೊತ್ತು.
ಖಾಲಿ ಚೌಕದಲ್ಲಿ ಗೆರೆಯೊಂದು ಮಿಟುಕುತ್ತಿತ್ತು.
ಸೊನ್ನೆ ಹಾಕಲೇ ಎಂದು ಕೇಳಿದೆ.
'ಬೇಡ,' ಎಂದರು. 'ಗಾಳಿ ಎದುರಿತ್ತು.
ಕೆಲವಕ್ಕೆ ತಿಂಗಳು ಹಿಡಿಯುತ್ತೆ.'

ಟವೆಲಿನಲ್ಲಿ ಸುತ್ತಿಕೊಂಡು ವೋಂಬ್‌ವೆಲ್ ಬಸ್ಸು ಹತ್ತಿದರು.
ಲೋಟ ತೊಳೆಯಲು ಎತ್ತಿಕೊಂಡಾಗ ಕಂಡೆ,
ಬಸಿಯಲ್ಲಿ ಒಂದು ತಿರುಪು.
ಹನ್ನೊಂದು ಬಿಚ್ಚಿದ್ದೆ.
ಹತ್ತು ಹಾಕಿ ಕಳಿಸಿದ್ದೆ.